ಮರ ಎಣಿಸುವುದಕ್ಕೂ ಹಳೆಯ ಕಾಲದ ಮಳೆ ಹುಡುಕುವುದಕ್ಕೂ ಏನು ಸಂಬಂಧ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಒಂದು ದಿನ ಕಾಡಿನ ಮರಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ, ಇನ್ನೊಂದು ದಿನ ಸಾವಿರಾರು ವರ್ಷ ಹಿಂದಿನ ಹವಾಮಾನದ ಬಗ್ಗೆ ಎನ್ನುತ್ತಾಳೆ. "ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಲ್ಲವೇ? ನಮ್ಮಂಥ ಬೇಸಾಯದ ಮನೆಗೆ ಇದರಿಂದ ಏನು ಬಂತು?" ಎಂದು ಕೇಳಿದ್ದೀರಿ.

ನಾನು ಮದ್ದೂರಿನವಳು. ಈಗ ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಮೂರು ವರ್ಷ ಬಂಡೀಪುರದ ಕಡೆಯ ಕಾಡಿನಲ್ಲಿ ಒಂದು ಸಂಶೋಧನಾ ಯೋಜನೆಗೆ ಸಹಾಯಕಿಯಾಗಿದ್ದೆ. ಮರಗಳ ಸುತ್ತಳತೆ ತೆಗೆದು ಪುಸ್ತಕಕ್ಕೆ ಬರೆಯುವುದೇ ಕೆಲಸ. ಆ ಮೂರು ವರ್ಷದಲ್ಲಿ ನನಗೆ ಖಚಿತವಾದದ್ದು ಇಷ್ಟು: ನಿಮ್ಮ ಮಗಳ ಎರಡೂ ಕಾಲು ಒಂದೇ ದೋಣಿಯಲ್ಲಿವೆ. ಇಂದಿನ ಕಾಡನ್ನು ಅಳೆಯದವರಿಗೆ ಹಳೆಯ ಮಣ್ಣು ಏನು ಹೇಳುತ್ತಿದೆ ಎಂದು ತಿಳಿಯುವುದಿಲ್ಲ. ಹಳೆಯ ಮಣ್ಣನ್ನು ಓದದವರಿಗೆ ಇಂದಿನ ಕಾಡು ಮಾಮೂಲಿನಂತಿದೆಯೋ ಹದ ತಪ್ಪಿದೆಯೋ ಗೊತ್ತಾಗುವುದಿಲ್ಲ.

ಮೊದಲು ನಮ್ಮ ಮನೆಯ ಸಂಗತಿ. ನಮ್ಮಪ್ಪ ಚಿಕ್ಕದೊಂದು ಸಾಮಿಲ್ ನಡೆಸುತ್ತಿದ್ದರು. ತೇಗದ ದಿಮ್ಮಿ ಬಂದರೆ ಕೊಯ್ದ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ನನ್ನನ್ನು ಕರೆಯುತ್ತಿದ್ದರು. ಒರೆಸಿದ ಕೂಡಲೇ ಉಂಗುರಗಳು ಎದ್ದು ಕಾಣುತ್ತವೆ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಮರ. ಮಳೆ ಬಿದ್ದು ಚಿಗುರುವಾಗ ನೀರು ಸಾಗಿಸಲು ಅಗಲವಾದ ಕೊಳವೆಗಳನ್ನು ಕಟ್ಟಿಕೊಳ್ಳುತ್ತದೆ. ಕೊಯ್ದ ಮುಖದಲ್ಲಿ ಅವು ಸೂಜಿಯಿಂದ ಒಂದೇ ಸಾಲಾಗಿ ಚುಚ್ಚಿದಂತೆ ಕಾಣುತ್ತವೆ. ಮಳೆಗಾಲ ಸರಿದಂತೆಲ್ಲ ಕಟ್ಟುವ ಭಾಗ ಒತ್ತಾಗಿ ನಯವಾಗಿರುತ್ತದೆ. ಒಂದು ತೂತಿನ ಸಾಲಿನಿಂದ ಮುಂದಿನ ಸಾಲಿಗೆ ಒಂದು ವರ್ಷ. ಒಂದು ದಿಮ್ಮಿಯಲ್ಲಿ ನಾಲ್ಕು ಉಂಗುರಗಳು ಉಗುರಿನ ಅಂಚಿನಷ್ಟು ಕಿರಿದಾಗಿ ಒತ್ತಿಕೊಂಡಿದ್ದವು. ಅಪ್ಪ ಅದರ ಮೇಲೆ ಬೆರಳಿಟ್ಟು, "ಇಲ್ಲಿ ನೋಡಮ್ಮ, ಮರ ಹೊಟ್ಟೆಗಿಲ್ಲದೆ ನಿಂತಿದೆ" ಎಂದರು. ಏಳನೆಯ ತರಗತಿ ದಾಟದ ಅವರು ಹೇಳಿದ್ದು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ನಮ್ಮಂಥ ಒಣ ನಾಡಿನಲ್ಲಿ ಮಳೆ ಸೊರಗಿದ ವರ್ಷ ತೇಗದ ಉಂಗುರವೂ ಸೊರಗುತ್ತದೆ.

ಮುಂದೆ ಇದನ್ನೇ ಕ್ರಮವಾಗಿ ಕಲಿತೆ. ಮರದ ಬಿಲ್ಲೆಯನ್ನು ಉಪ್ಪು ಕಾಗದದಿಂದ ಉಜ್ಜಬೇಕು. ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ. ಉಜ್ಜಿ ಉಜ್ಜಿ ಬೆರಳ ತುದಿ ಬೆಂದಂತಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನಾನು ಎಣಿಸಿದ ಮೊದಲ ಬಿಲ್ಲೆಯಲ್ಲಿ ಒಂದು ಬದಿಗೆ ಬಂದ ಲೆಕ್ಕ ಇನ್ನೊಂದು ಬದಿಗೆ ಬರಲಿಲ್ಲ. ನಡುಮಳೆಗಾಲದಲ್ಲಿ ಮಳೆ ಕೈಕೊಟ್ಟು ಮತ್ತೆ ಹಿಡಿದರೆ ಮರ ಒಂದೇ ವರ್ಷದಲ್ಲಿ ಎರಡು ಉಂಗುರದಂತೆ ತೋರುವ ಗುರುತು ಹಾಕಿಬಿಡುತ್ತದೆ. ಆದ್ದರಿಂದ ಒಂದು ಮರದ ಮಾತನ್ನು ಯಾರೂ ನಂಬುವುದಿಲ್ಲ. ಅದೇ ಕಾಡಿನ ಹತ್ತಾರು ಮರಗಳ ಅಗಲ–ಕಿರಿದುಗಳ ಸಾಲನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿ, ಎಲ್ಲವೂ ಒಪ್ಪಿದ ಮೇಲಷ್ಟೇ ಇಸವಿ ಬರೆಯುತ್ತಾರೆ. ಇದಕ್ಕಾಗಿ ಮರ ಕಡಿಯಬೇಕೆಂದೂ ಇಲ್ಲ. ಟೊಳ್ಳು ಬೈರಿಗೆಯಿಂದ ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿಯನ್ನು ಹೊರತೆಗೆದರೆ ಸಾಕು, ಮರ ಬದುಕಿರುತ್ತದೆ. ಪುಣೆಯ ಉಷ್ಣವಲಯದ ಪವನವಿಜ್ಞಾನ ಸಂಸ್ಥೆಯವರು ಕೇರಳದ ತೇಗಗಳಿಂದ ಹೀಗೆ 1481ರಿಂದ 2003ರವರೆಗೆ, ಅಂದರೆ 523 ವರ್ಷಗಳ ಉಂಗುರದ ಲೆಕ್ಕ ಕಟ್ಟಿ 2010ರಲ್ಲಿ ಪ್ರಕಟಿಸಿದರು. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೋ ಕಾಲದಲ್ಲಿ ಮುಂಗಾರು ಕುಗ್ಗಿದ ಗುರುತು ಆ ಕಿರಿದು ಉಂಗುರಗಳಲ್ಲಿದೆ.

ಅಷ್ಟು ಹಿಂದಕ್ಕೆ ಹೋಗುವುದೇಕೆ ಎಂದರೆ, ಮಳೆಮಾಪಕದ ಲೆಕ್ಕ ನಮಗೆ ಸಾಲದು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ, ಧಾತು ಸಂವತ್ಸರದಲ್ಲಿ, ಮಳೆ ಕೈಬಿಟ್ಟಿತು. ಈಶ್ವರ ಸಂವತ್ಸರಕ್ಕೂ ಬರ ಮುಂದುವರಿಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಅಂಥ ಬರ ಸಾವಿರ ವರ್ಷಕ್ಕೊಮ್ಮೆ ಬರುವುದೋ, ನೂರು ವರ್ಷಕ್ಕೊಮ್ಮೆಯೋ? ನೂರೈವತ್ತು ವರ್ಷದ ಪುಸ್ತಕ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟು ಅಡಿಗೆ ಬಂತು ಎಂದು ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಹುಡುಕುವವರು ನಾವು. ಕಟ್ಟೆ ತುಂಬಿದಾಗಿನ ಮಟ್ಟ, 124.80 ಅಡಿ ಎಂಬ ಸಂಖ್ಯೆ, ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಬಾಯಿಪಾಠ. 2023ರಲ್ಲಿ ಕಟ್ಟೆ ತುಂಬಲಿಲ್ಲ, 2024ರಲ್ಲಿ ತುಂಬಿತು. ಎರಡು ವರ್ಷದಲ್ಲಿ ಇಷ್ಟು ಏರಿಳಿತ ಕಂಡವರಿಗೆ ಐನೂರು ವರ್ಷದ ಏರಿಳಿತ ಬೇಡವೆನಿಸುತ್ತದೆಯೇ?

ಈಗ ಕಾಡಿಗೆ ಬರೋಣ. ನಮ್ಮ ಕೆಲಸ ಬೆಳಿಗ್ಗೆ ಆರೂವರೆಗೆ ಶುರು. ಜೊತೆಗೆ ಜೇನು ಕುರುಬ ಸಮುದಾಯದ ಹಿರಿಯರೊಬ್ಬರು ಇರುತ್ತಿದ್ದರು. ಮತ್ತಿ, ದಿಂಡಿಗ, ಕಕ್ಕೆ, ನೆಲ್ಲಿ, ಯಾವುದೇ ಇರಲಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಓದಬೇಕು. ಅಲ್ಯೂಮಿನಿಯಂ ಬಿಲ್ಲೆಯ ಮೇಲಿನ ಸಂಖ್ಯೆ ಕೂಗಬೇಕು. ಕಳೆದ ಸಲ ಬಳಿದ ಬಣ್ಣದ ಗೆರೆಯ ಮೇಲೆಯೇ ಟೇಪು ಕೂರಬೇಕು. ಒಂದು ಬೆರಳು ಮೇಲೆ ಕೆಳಗೆ ಆದರೂ ಮರ ಬೆಳೆಯದೆಯೇ ಬೆಳೆದಂತೆ ಲೆಕ್ಕ ಬರುತ್ತದೆ. ಒಮ್ಮೆ ನಾನು ಪುಸ್ತಕದಲ್ಲೇ ಕಣ್ಣಿಟ್ಟು ಮುಂದೆ ಹೆಜ್ಜೆ ಇಡುತ್ತಿದ್ದಾಗ ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು. ಎದುರಿಗಿದ್ದ ಆನೆಯ ಲದ್ದಿಯ ಮೇಲೆ ಕೈಯಾಡಿಸಿ, "ಇನ್ನೂ ಬಿಸಿಯಿದೆ ಮೇಡಂ, ವಾಪಸು ಹೋಗೋಣ" ಎಂದರು. ಆ ದಿನದ ಹಾಳೆ ಅರ್ಧಕ್ಕೇ ನಿಂತಿತು.

ಇಂಥ ಕೆಲಸ ನಮ್ಮ ಪಕ್ಕದಲ್ಲೇ, ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ 1988ರಿಂದ ನಡೆದುಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ತಂಡ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರ್‌ಗಿಂತ ದಪ್ಪಗಿರುವ ಪ್ರತಿಯೊಂದು ಗಿಡಮರಕ್ಕೂ ಸಂಖ್ಯೆ ಕೊಟ್ಟಿತು. ಹತ್ತೊಂಬತ್ತು ವರ್ಷದ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದಾಗ ಅವರಿಗೆ ಸಿಕ್ಕ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಮಳೆ ಕಡಿಮೆಯಾದಾಗ ದೊಡ್ಡ ಮರಗಳ ಸಾವು ಹೆಚ್ಚುತ್ತದೆ, ಆದರೆ ಆ ವರ್ಷವೇ ಅಲ್ಲ. ಎರಡು ಮೂರು ವರ್ಷ ಕಳೆದ ಮೇಲೆ. ಎರಡು ವರ್ಷಕ್ಕೆ ಮುಗಿಯುವ ಯೋಜನೆ ಇದನ್ನು ಕಾಣುವ ಹಾಗೆಯೇ ಇಲ್ಲ. ನಿಮಗೆ ತೆಂಗಿನ ತೋಟ ಇದ್ದರೆ ಇದು ಹೊಸ ಮಾತೇನಲ್ಲ. ಬರದ ಪೆಟ್ಟು ಗೊನೆಯಲ್ಲಿ ಪೂರ್ತಿ ಕಾಣುವಷ್ಟರಲ್ಲಿ ಮುಂದಿನ ಮಳೆಗಾಲವೂ ಕಳೆದಿರುತ್ತದೆ, ಏಕೆಂದರೆ ಇಂದು ಬಿಚ್ಚುವ ಹೊಂಬಾಳೆಯ ಮೊಳಕೆ ಎರಡು ವರ್ಷಕ್ಕೂ ಹಿಂದೆಯೇ ಸುಳಿಯೊಳಗೆ ಮೂಡಿರುತ್ತದೆ. ಕಾಡಿನ ಮರವೂ ತೋಟದ ಮರವೂ ಸಾಲ ತೀರಿಸುವುದು ನಿಧಾನವಾಗಿಯೇ.

ನಿಮ್ಮ ನಿಜವಾದ ಪ್ರಶ್ನೆಗೆ ಉತ್ತರ ಇರುವುದು ಮುಂದಿನ ಸಂಗತಿಯಲ್ಲಿ. ಇದೇ ಸುಕುಮಾರ್ ಅವರು 1980ರ ದಶಕದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಬೆನ್ನು ಬಿದ್ದಿದ್ದರು. ಆನೆ ಹುಲ್ಲು ಎಷ್ಟು ತಿನ್ನುತ್ತದೆ, ಸೊಪ್ಪು ತೊಗಟೆ ಎಷ್ಟು ತಿನ್ನುತ್ತದೆ? ಹಿಂದೆ ಹಿಂದೆ ಅಲೆದು ನೋಡಿದರೆ ಒಂದು ಉತ್ತರ. ಸತ್ತ ಆನೆಯ ಮೂಳೆ ಇನ್ನೊಂದು ಉತ್ತರ ಕೊಡುತ್ತದೆ. ಹೇಗೆಂದರೆ, ಗಾಳಿಯಲ್ಲಿ ಹಗುರ ಇಂಗಾಲವೂ ಇದೆ, ತುಸು ಭಾರದ ಇಂಗಾಲವೂ ಇದೆ. ಭತ್ತ, ತೆಂಗು, ಕಾಡಿನ ಮರಗಳೆಲ್ಲ ಭಾರದ್ದನ್ನು ಹೆಚ್ಚಾಗಿ ಹೊರಗೇ ಬಿಡುತ್ತವೆ. ಕಬ್ಬು, ರಾಗಿ, ಜೋಳ ಮತ್ತು ಬಿಸಿಲು ನಾಡಿನ ಬಹುಪಾಲು ಹುಲ್ಲುಗಳು ಅಷ್ಟಾಗಿ ಬಿಡುವುದಿಲ್ಲ. ತಿಂದವರ ಮೂಳೆಯಲ್ಲಿ ಆ ಗುರುತು ಉಳಿಯುತ್ತದೆ. ಮಂಡ್ಯದ ಗದ್ದೆಯ ಬದುವಿನ ಈಚೆಗೆ ಕಬ್ಬು, ಆಚೆಗೆ ಭತ್ತ ಇದ್ದರೆ ಎರಡೂ ಎಲೆಗಳ ಇಂಗಾಲದ ಲೆಕ್ಕ ಬೇರೆ ಬೇರೆ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಆನೆಯ ಊಟ ತಿಳಿಯಲು ಬಳಸಿದ ಆ ಕೀಲಿಕೈಯನ್ನೇ ಅವರು ನೀಲಗಿರಿಯ ಜೌಗು ಮಣ್ಣಿಗೆ ಹಾಕಿದರು. ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತರೆ ದಕ್ಷಿಣಕ್ಕೆ ನೀಲಿಯಾಗಿ ಕಾಣುತ್ತದಲ್ಲ, ಆ ಬೆಟ್ಟಸಾಲು. ಅಲ್ಲಿನ ಎತ್ತರದ ಕೊಳ್ಳಗಳಲ್ಲಿ ಸತ್ತ ಹುಲ್ಲು, ಬೇರು, ಎಲೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕಪ್ಪಗೆ ಕೂತಿವೆ. ಒಂದೊಂದು ಪದರದ ವಯಸ್ಸನ್ನು, ಕಾಲ ಕಳೆದಂತೆ ಕರಗುತ್ತ ಹೋಗುವ ಇಂಗಾಲ-14ರಿಂದ ತಿಳಿದು, ಅದೇ ಪದರ ಬಿಸಿಲು ಹುಲ್ಲಿನದೋ, ಮರಗಿಡ ಇಲ್ಲವೇ ತೇವದ ಹುಲ್ಲಿನದೋ ಎಂಬುದನ್ನು ಭಾರದ ಇಂಗಾಲದಿಂದ ತಿಳಿದರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಅವರೂ ಆ ಕೆಲಸದಲ್ಲಿದ್ದರು. 1993ರಲ್ಲಿ ಅದು 'ನೇಚರ್' ಪತ್ರಿಕೆಯಲ್ಲಿ ಬಂತು. ಸುಮಾರು 20,000 ವರ್ಷಗಳ ಹಿಂದೆ, ಉತ್ತರದ ದೇಶಗಳು ಹಿಮದಡಿ ಇದ್ದ ಕಾಲದಲ್ಲಿ ನೀಲಗಿರಿ ಒಣಗಿತ್ತು, ಬಿಸಿಲು ಹುಲ್ಲು ಹರಡಿತ್ತು. ಸುಮಾರು 9,000 ವರ್ಷಗಳ ಹಿಂದೆ ಮುಂಗಾರು ಬಲವಾಗಿ ನೀರುಂಡ ಕಾಲ ಬಂದಿತ್ತು. ನಾನು ಇದನ್ನು ಮೊದಲು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆನೆಯ ಹಿಂದೆ ನಡೆದ ಜೀವವಿಜ್ಞಾನಿಯೂ ಉಪಕರಣದ ಮುಂದೆ ಕೂತ ಭೌತವಿಜ್ಞಾನಿಯೂ ಸೇರದಿದ್ದರೆ ಆ ಕಪ್ಪು ಮಣ್ಣು ಮಾತಾಡುತ್ತಲೇ ಇರಲಿಲ್ಲ. ಯಾವ ಹುಲ್ಲು ಒಣ ಹವೆಯದು, ಯಾವುದು ತೇವದ್ದು ಎಂದು ಇಂದಿನ ಬೆಟ್ಟದಲ್ಲಿ ಅಲೆದು ಗುರುತಿಸಿದವರಿಲ್ಲದಿದ್ದರೂ ಅಷ್ಟೇ. ನಿಮ್ಮ ಮಗಳ ಮನಸ್ಸು ಅತ್ತಿತ್ತ ಹೊಯ್ದಾಡುತ್ತಿದೆ ಎಂದು ಕೊರಗಬೇಡಿ. ಈ ವಿದ್ಯೆಗೆ ಎರಡೂ ಕಡೆ ಕಾಲಿಡುವವರೇ ಬೇಕು.

ಹಣದ ವಿಷಯ ಮುಚ್ಚಿಡುವುದಿಲ್ಲ. ನನ್ನ ಯೋಜನೆ ಮುಗಿದ ತಿಂಗಳೇ ಸಂಬಳವೂ ನಿಂತಿತು. ಮನೆಯ ಹೊಣೆ ಇದ್ದುದರಿಂದ ನಾನು ಬೋಧನೆಗೆ ಬಂದೆ. ಆದ್ದರಿಂದ ಅವಳು ಮೊದಲು ಎಂ.ಎಸ್ಸಿ. ಮಾಡಲಿ. ಮಾನಸಗಂಗೋತ್ರಿಯಲ್ಲೇ ಸಸ್ಯಶಾಸ್ತ್ರ, ಭೂವಿಜ್ಞಾನ, ಪರಿಸರ ವಿಜ್ಞಾನ, ಭೌತಶಾಸ್ತ್ರ ಎಲ್ಲವೂ ಇವೆ, ಯಾವುದರಿಂದಲೂ ಈ ದಾರಿಗೆ ಬರಬಹುದು. ಸಂಖ್ಯಾಶಾಸ್ತ್ರವನ್ನು ಮಾತ್ರ ಬಿಡದೆ ಕಲಿಯಲಿ. ನನ್ನ ಜೊತೆಯವರಲ್ಲಿ ಅದು ಬಾರದೆ ಹಿಂದೆ ಸರಿದವರೇ ಹೆಚ್ಚು. ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನ ದಕ್ಕಿದರೆ 2023ರ ದರದಂತೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆಬಾಡಿಗೆ ಭತ್ಯೆ ಸಿಗುತ್ತದೆ. ಅದು ಕೈಯಲ್ಲಿದ್ದರೆ ಬೆಂಗಳೂರು, ಪುಣೆ, ಅಹಮದಾಬಾದ್, ಹಳೆಯ ಸಸ್ಯಗಳನ್ನೇ ಓದುವ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಎಲ್ಲಿ ಬೇಕಾದರೂ ಬಾಗಿಲು ತಟ್ಟಬಹುದು. ಆದರೂ ಪಿಎಚ್.ಡಿ. ಮುಗಿಯಲು ಐದಾರು ವರ್ಷ ಹಿಡಿಯುತ್ತದೆ, ಕಾಯಂ ಕೆಲಸ ಅದರಾಚೆಗಿನ ಮಾತು. ಇದನ್ನು ಅವಳ ಮುಂದೆ ಕೂತು ಬಿಚ್ಚಿ ಮಾತಾಡಿ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಬೇಸಿಗೆಯಲ್ಲಿ ನಿಮ್ಮೂರ ಕೆರೆಯ ಹೂಳು ತೆಗೆಯುವಾಗ ಮಗಳನ್ನು ಕರೆದುಕೊಂಡು ಹೋಗಿ. ಜೆಸಿಬಿ ಆಗಷ್ಟೇ ಕಡಿದ ಗೋಡೆಯನ್ನು ಕುಡುಗೋಲಿನಿಂದ ಹಗುರವಾಗಿ ಕೆರೆದರೆ ಪದರಗಳು ಕಾಣುತ್ತವೆ: ಕಪ್ಪು ಜೇಡಿ, ನಡುವೆ ದೊಡ್ಡ ಮಳೆ ತಂದು ಹಾಕಿದ ಮರಳಿನ ಎಳೆ, ಅಲ್ಲಲ್ಲಿ ಬಸವನಹುಳುವಿನ ಬಿಳಿ ಚಿಪ್ಪು. ಹಿಂದೆಯೂ ಹೂಳೆತ್ತಿರುವ ಜಾಗವಾದರೆ ಪದರ ಕಲಸಿಹೋಗಿರುತ್ತದೆ, ಆದ್ದರಿಂದ ಯಾರೂ ಮುಟ್ಟದ ಮೂಲೆ ಯಾವುದು ಎಂದು ಊರಿನ ಹಿರಿಯರನ್ನು ಮೊದಲೇ ಕೇಳಿಕೊಳ್ಳಿ. ಅಳತೆಪಟ್ಟಿ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದು ಪದರದ ದಪ್ಪ, ಬಣ್ಣ ಬರೆದುಕೊಳ್ಳಲು ಅವಳಿಗೆ ಹೇಳಿ. ಟ್ರ್ಯಾಕ್ಟರಿನವರು ತುಂಬಿಕೊಂಡು ಹೋಗುವ ಮುಂಚೆ ಮುಗಿಸಬೇಕು.