ಏಳು ಪಟ್ಟಿನ ಅಂತರ ಬಹುಶಃ ವಿನಿಮಯ ದರದ್ದು

ಎರಡು ದೇಶಗಳ ತಲಾ ಆದಾಯದಲ್ಲಿ ಏಳು ಪಟ್ಟು ಅಂತರ ಬಂದಿದೆ, ಜನರ ಬದುಕಿನಲ್ಲಿ ಅಷ್ಟು ಕಾಣುವುದಿಲ್ಲ ಎಂದಿದ್ದೀರಿ. ಬಹುಶಃ ಮಾರುಕಟ್ಟೆಯ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸಿದ್ದೀರಿ; ನಾನೂ ಮೊದಲ ಸಲ ಇದೇ ಹಳ್ಳಕ್ಕೆ ಬಿದ್ದಿದ್ದೆ. ಆ ದರ ಗಡಿ ದಾಟುವ ಸರಕು, ಬಂಡವಾಳಗಳದ್ದು. ಕ್ಷೌರ ಗಡಿ ದಾಟುವುದಿಲ್ಲ. ಎಲ್ಲಿ ಕುಳಿತರೂ ಅದೇ ಕತ್ತರಿ, ಅದೇ ಇಪ್ಪತ್ತು ನಿಮಿಷ. ಕೂಲಿ ಕಡಿಮೆಯಿರುವಲ್ಲಿ ಬೆಲೆ ಮಾತ್ರ ಅಗ್ಗ.

ಮೊದಲು ವಿಶ್ವ ಬ್ಯಾಂಕಿನ ದತ್ತಾಂಶದಲ್ಲಿ ಕೊಳ್ಳುವ ಶಕ್ತಿಯ ಸಮಾನತೆಗೆ, ಅಂದರೆ ಪಿಪಿಪಿಗೆ, ಹೊಂದಿಸಿದ ಅಂಕಿಗಳನ್ನು ತೆಗೆದುಕೊಳ್ಳಿ; ಅದೇ ಸರಕು, ಸೇವೆಗೆ ಆಯಾ ದೇಶದಲ್ಲಿ ತಗಲುವ ಬೆಲೆಯನ್ನು ಲೆಕ್ಕಕ್ಕೆ ಹಿಡಿದ ಪರಿವರ್ತನೆ ಅದು. ಅಂತರ ಅರ್ಧಕ್ಕೆ ಇಳಿದರೂ ಅಚ್ಚರಿಯಿಲ್ಲ. ಆಮೇಲೆ ಜಿಡಿಪಿಯನ್ನು ಬಿಟ್ಟು ಕುಟುಂಬಗಳ ಬಳಕೆಯನ್ನು ನೋಡಿ. ಐರ್ಲೆಂಡಿನ ಜಿಡಿಪಿ 2015ರಲ್ಲಿ ಸುಮಾರು ಕಾಲು ಭಾಗ ಜಿಗಿದದ್ದು ಮುಖ್ಯವಾಗಿ ಬಹುರಾಷ್ಟ್ರೀಯ ಕಂಪನಿಗಳ ಆಸ್ತಿ ಅಲ್ಲಿನ ಲೆಕ್ಕಕ್ಕೆ ಸೇರಿದ್ದರಿಂದ, ಜನರ ಜೇಬು ತುಂಬಿದ್ದರಿಂದಲ್ಲ. ಸರ್ಕಾರವೇ ಒದಗಿಸುವ ಶಾಲೆ, ಆಸ್ಪತ್ರೆಗಳನ್ನೂ ಸೇರಿಸಿಕೊಳ್ಳುವ ‘ವಾಸ್ತವ ವೈಯಕ್ತಿಕ ಬಳಕೆ’ಯ ಅಂಕಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಸರಾಸರಿಯ ಪಕ್ಕದಲ್ಲಿ ಮಧ್ಯಾಂಕ ಆದಾಯವನ್ನೂ, ಅಂದರೆ ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಆದಾಯವನ್ನೂ, ಇಡಿ; ಕೆಲವೇ ಶ್ರೀಮಂತರು ಸರಾಸರಿಯನ್ನು ಎತ್ತಿಬಿಡುತ್ತಾರೆ. ಕೊನೆಗೆ ವರ್ಷದ ದುಡಿಮೆಯ ಗಂಟೆಗಳನ್ನೂ ನೋಡಿ; ಅಷ್ಟೇ ಆದಾಯಕ್ಕೆ ಹೆಚ್ಚು ಹೊತ್ತು ದುಡಿಯಬೇಕಾದರೆ ಬದುಕು ಅಷ್ಟು ಹಗುರವಲ್ಲ.

ಪಿಪಿಪಿ ಕೂಡ ಅಂದಾಜೇ. ಶೇಕಡಾ ಐದರ ವ್ಯತ್ಯಾಸ ಬಂದರೆ ಎರಡೂ ಸಮ ಎಂದೇ ಬರೆದುಕೊಳ್ಳಿ.