ಚಿಕುನ್‌ಗುನ್ಯ ಹೋದರೂ ಕೀಲುನೋವು ಹೋಗುತ್ತಿಲ್ಲ, ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳೋದು ಹೇಗೆ?

ಡಾಕ್ಟರ್ ಕೊಟ್ಟ ಮೆಥೊಟ್ರೆಕ್ಸೇಟ್ ಇಮ್ಯುನಿಟಿ ಕಮ್ಮಿ ಮಾಡುತ್ತಂತೆ, ಬಿಟ್ಟು ಕಷಾಯ ಕುಡಿಯಲಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಬಿಟ್ಟಿದ್ದೆ.

2006ರಲ್ಲಿ ನಮ್ಮ ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಆ ವರ್ಷ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕುನ್‌ಗುನ್ಯ ಪ್ರಕರಣ ಅಂತ ಸರ್ಕಾರದ ಲೆಕ್ಕ. ನಮ್ಮ ಕಡೆ ನೀರು ಬಂದಾಗ ತುಂಬಿಟ್ಟುಕೊಳ್ಳಬೇಕು, ಮನೆ ಮನೆಗೂ ಡ್ರಮ್ಮು, ತೊಟ್ಟಿ. ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಬೀದಿಯವರೆಲ್ಲ ನಿಧಾನವಾಗಿ ಚೇತರಿಸಿಕೊಂಡರು. ನನ್ನ ಬೆರಳ ಗೆಣ್ಣು ಮಾತ್ರ ಊದಿಕೊಂಡೇ ಇದ್ದವು. ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಂಡೂ ಕಾಣದ ಎಳೆ ಹುಡುಕಿ, ಎರಡು ಬೆರಳಲ್ಲಿ ಹಿಡಿದು, ಓಡುತ್ತಿರುವ ನೂಲಿಗೆ ಸೇರಿಸಬೇಕು. ಬೆಳಿಗ್ಗೆ ಎದ್ದರೆ ನನಗೆ ಕಾಫಿ ಲೋಟ ಹಿಡಿಯೋಕೇ ಆಗುತ್ತಿರಲಿಲ್ಲ.

ಬೆಂಗಳೂರಿನ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ರುಮಟಾಯ್ಡ್ ಸಂಧಿವಾತ ಶುರುವಾಗಿದೆ ಅಂದರು. ಮೆಥೊಟ್ರೆಕ್ಸೇಟ್ ಬರೆದರು. ಅದು ನಿಧಾನದ ಮಾತ್ರೆ, ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕು. ಊತ ಇಳಿಯುತ್ತಿದ್ದಾಗಲೇ ಪರಿಚಯದವರೊಬ್ಬರು, ‘ಇದು ಕ್ಯಾನ್ಸರ್‌ಗೆ ಕೊಡೋ ಮಾತ್ರೆ, ಇರೋ ಶಕ್ತೀನೂ ಹೋಗುತ್ತೆ’ ಅಂದರು. ಶಕ್ತಿ ಇಲ್ಲದ್ದಕ್ಕೇ ತಾನೇ ಈ ನೋವು ಅಂತ ನನಗೂ ಅನ್ನಿಸಿತು. ಮಾತ್ರೆ ಬಿಟ್ಟೆ. ಅಮೃತಬಳ್ಳಿ ಕಷಾಯ ಹಿಡಿದೆ. ನೋವು ಏರಿದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್. ಒಂದೇ ದಿನಕ್ಕೆ ಹಾಯಾಗುತ್ತಿತ್ತು, ಹಾಗಾಗಿ ಕಷಾಯವೇ ಕೆಲಸ ಮಾಡುತ್ತಿದೆ ಅಂದುಕೊಂಡೆ! ನೋವು ಮುಚ್ಚಿಹೋಗಿತ್ತು, ಒಳಗೆ ಮೂಳೆ ಸವೆಯುತ್ತಿತ್ತು. ಮತ್ತೆ ಬೆಂಗಳೂರಿಗೆ ಹೋಗುವಷ್ಟರಲ್ಲಿ ಬಲಗೈ ಬೆರಳುಗಳು ಕಿರುಬೆರಳ ಕಡೆಗೆ ವಾಲಿದ್ದವು. ಅದು ಇವತ್ತಿಗೂ ನೆಟ್ಟಗಾಗಿಲ್ಲ. ಎಳೆ ಹಿಡಿಯುವ ಕೆಲಸ ಅಲ್ಲಿಗೆ ಮುಗಿಯಿತು.

ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಇಲ್ಲಿ ಇಮ್ಯುನಿಟಿ ಕಮ್ಮಿಯಾಗಿಲ್ಲ, ಕೆಲಸ ನಿಲ್ಲಿಸುತ್ತಿಲ್ಲ. ಗಲಾಟೆ ಮುಗಿದ ಮೇಲೂ ಬೀದಿ ಬಿಟ್ಟು ಹೋಗದೆ ಲಾಠಿ ಬೀಸುವ ಪೊಲೀಸರ ಹಾಗೆ. ಮ್ಯಾಕ್ರೋಫೇಜ್‌ನಂಥ ರಕ್ಷಣಾ ಕೋಶಗಳು ಕೀಲಿನ ಒಳಪದರದಲ್ಲಿ ಸೇರಿಕೊಂಡು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತವೆ. ಇವು ನರದ ತುದಿಯನ್ನೇ ಕೆರಳಿಸುತ್ತವೆ. ಆಗ ಸುಮ್ನೆ ಮುಟ್ಟಿದರೂ ನೋವು. ಮೆಥೊಟ್ರೆಕ್ಸೇಟ್ ಈ ಅತಿಯನ್ನು ತಗ್ಗಿಸುತ್ತೆ. ಕ್ಯಾನ್ಸರ್‌ಗೆ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಜಾಸ್ತಿ. ಸೋಂಕಿನ ಭಯ ಸುಳ್ಳಲ್ಲ, ಜ್ವರ ಬಂದರೆ ತಕ್ಷಣ ಡಾಕ್ಟರಿಗೆ ಹೇಳಬೇಕು.

ನನಗೆ ಊತ ಪೂರ್ತಿ ಇಳಿದ ಮೇಲೂ ನೋವು ಸ್ವಲ್ಪ ಉಳಿಯಿತು. ಬೆನ್ನುಹುರಿಯಲ್ಲಿರುವ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳು ನೋವಿನ ಸಂದೇಶವನ್ನು ದೊಡ್ಡದು ಮಾಡುವುದೂ ಉಂಟು. 2015ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಗಂಡಿನಲ್ಲಿ ಈ ಕೆಲಸ ಮೈಕ್ರೋಗ್ಲಿಯಾದ್ದು, ಹೆಣ್ಣಿನಲ್ಲಿ ಬಹುಶಃ ಟಿ ಕೋಶಗಳದ್ದು ಅಂತ ಕಂಡುಬಂತು. ಹೆಂಗಸರ ನೋವನ್ನು ‘ಮನಸ್ಸಿಂದು’ ಅಂತ ತಳ್ಳಿಹಾಕೋರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಈ ಬಗೆಯ ನೋವಿಗೆ ಇಮ್ಯುನಿಟಿ ತಗ್ಗಿಸುವ ಮಾತ್ರೆ ಜಾಸ್ತಿ ಮಾಡಿ ಪ್ರಯೋಜನವಿಲ್ಲ. ನಡಿಗೆ, ಬೆರಳಿನ ವ್ಯಾಯಾಮ, ನಿದ್ದೆ, ಬೇಕಾದರೆ ನರದ ನೋವಿನ ಮಾತ್ರೆ.

ಚಿಕುನ್‌ಗುನ್ಯ ಬಂದ ಎಲ್ಲರಿಗೂ ಮೆಥೊಟ್ರೆಕ್ಸೇಟ್ ಬೇಕಿಲ್ಲ, ಅದನ್ನು ತೀರ್ಮಾನಿಸೋದು ಕೀಲುರೋಗದ ಡಾಕ್ಟರ್. ನಿಮಗೆ ಬರೆದಿದ್ದರೆ ವಾರಕ್ಕೆ ಒಂದೇ ದಿನ ತಗೊಳ್ಳಿ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಫೋಲಿಕ್ ಆಸಿಡ್ ಮಾತ್ರೆ, ಲಿವರ್ ಮತ್ತು ರಕ್ತದ ಪರೀಕ್ಷೆ ತಪ್ಪಿಸಬೇಡಿ. ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ. ಮುಂದಿನ ಸಲ ಹೋದಾಗ, ಕೀಲಿನಲ್ಲಿ ಊತ ಇನ್ನೂ ಇದೆಯಾ ಅಥವಾ ಬರೀ ನೋವು ಉಳಿದಿದೆಯಾ ಅಂತ ಬೆರಳು ಒತ್ತಿ ನೋಡಿಸಿಕೊಂಡೇ ಬನ್ನಿ.