ಪ್ರತಿಕ್ರಿಯೆ: ಸೌರಫಲಕವನ್ನು ನೇರವಾಗಿ ಗೀಸರ್‌ಗೆ ಜೋಡಿಸಬಹುದೇ?

ತಲಾ 330 ವ್ಯಾಟ್‌ನ ಎರಡು ಸೌರಫಲಕಗಳನ್ನು ಸರಣಿಯಲ್ಲಿ ಜೋಡಿಸಿ, ಬ್ಯಾಟರಿ, ಇನ್ವರ್ಟರ್ ಯಾವುದೂ ಇಲ್ಲದೆ, ಹಳೆಯ 2000 ವ್ಯಾಟ್ ಗೀಸರಿನ ಕಾಯಿಲ್‌ಗೆ ನೇರವಾಗಿ ವಿದ್ಯುತ್ ಕೊಡಬಹುದೇ ಎಂದು ಕೇಳಿದ್ದೀರಿ. ನೀರು ಬಿಸಿಯಾಗುತ್ತದೆ, ಆದರೆ ನೀವು ನಿರೀಕ್ಷಿಸಿದಷ್ಟು ಆಗುವುದಿಲ್ಲ. 230 ವೋಲ್ಟ್‌ಗೆಂದು ತಯಾರಾದ ಆ ಕಾಯಿಲ್‌ನ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ಅಡ್ಡಿ) ಸುಮಾರು 26 ಓಮ್. ಇಂತಹ ಎರಡು ಫಲಕಗಳು ಒಳ್ಳೆಯ ಬಿಸಿಲಿನಲ್ಲಿ ಸುಮಾರು 75 ವೋಲ್ಟ್, 8.8 ಆಂಪಿಯರ್‌ನಲ್ಲಿ ಗರಿಷ್ಠ ಶಕ್ತಿ ನೀಡುವುದರಿಂದ, ಅವುಗಳಿಗೆ ಹೊಂದುವ ರೋಧ 8.5 ಓಮ್‌ನ ಆಸುಪಾಸಿನಲ್ಲಿರಬೇಕು. ಈಗಿನ ಜೋಡಣೆಯಲ್ಲಿ ಅರ್ಧದಷ್ಟು ಶಕ್ತಿಯೂ ನೀರಿಗೆ ಸೇರದು. ಅಂಥದೇ ಮೂರು ಕಾಯಿಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೊಂದುತ್ತದೆ. ಮೋಡ ಕವಿದಾಗ ಮಾತ್ರ ಹೊಂದಾಣಿಕೆ ಮತ್ತೆ ತಪ್ಪುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯವೊಂದನ್ನು ನೀವು ಪ್ರಸ್ತಾಪಿಸಿಲ್ಲ. ನೀರು ಸಾಕಷ್ಟು ಕಾದೊಡನೆ ವಿದ್ಯುತ್ ಕಡಿಯುವ ಗೀಸರಿನ ಥರ್ಮೋಸ್ಟಾಟ್, ದಿಕ್ಕು ಬದಲಿಸುತ್ತಲೇ ಇರುವ ಎಸಿ ವಿದ್ಯುತ್ತಿಗಾಗಿ ಮಾಡಿದ್ದು; ಫಲಕಗಳು ಕೊಡುವುದು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ. ಎಸಿ ಪ್ರವಾಹ ಸೆಕೆಂಡಿಗೆ ನೂರು ಬಾರಿ ಶೂನ್ಯಕ್ಕಿಳಿಯುವುದರಿಂದ ಸ್ವಿಚ್ಚಿನಲ್ಲಿ ಹುಟ್ಟುವ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ಕಿಡಿ ಉರಿಯುತ್ತಲೇ ಇದ್ದು, ಸಂಪರ್ಕಗಳು ಬೆಸೆದುಕೊಂಡು, ನೀರು ಕುದಿದು ಟ್ಯಾಂಕ್ ಸಿಡಿಯುವ ಅಪಾಯವಿದೆ. ಆದ್ದರಿಂದ ಡಿಸಿಗೆಂದೇ ತಯಾರಾದ ರಿಲೇಯನ್ನು, ಅಂದರೆ ಸಂಕೇತಕ್ಕೆ ತಕ್ಕಂತೆ ಆನ್-ಆಫ್ ಆಗುವ ಸ್ವಿಚ್ಚನ್ನು, ಬಳಸಿ, ಥರ್ಮೋಸ್ಟಾಟ್ ಅದಕ್ಕೆ ಸಂಕೇತ ಕೊಡುವ ಕೆಲಸವನ್ನಷ್ಟೇ ಮಾಡಲಿ. ಒತ್ತಡ ಬಿಡುಗಡೆಯ ವಾಲ್ವನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

100 ಲೀಟರ್ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು 3.5 ಯೂನಿಟ್ ಬೇಕು. ಫಲಕಗಳು ಈಗಾಗಲೇ ಕೈಯಲ್ಲಿದ್ದರೆ ಮಾತು ಬೇರೆ. ಇಲ್ಲವಾದರೆ, ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುವ ಫಲಕಕ್ಕಿಂತ, ಗಾಜಿನಡಿ ಕಪ್ಪು ಬಳಿದ ತಾಮ್ರದ ಕೊಳವೆಗಳಲ್ಲಿ ಬಿಸಿಲಿನಿಂದಲೇ ನೀರು ಕಾಯಿಸುವ ಸಂಗ್ರಾಹಕವನ್ನೇ ನಾನು ಆರಿಸಿಕೊಳ್ಳುತ್ತಿದ್ದೆ.